ಜನ ಇಲ್ಲದ ಚರ್ಚಿಗೂ ಒಬ್ಬ ಕಾಯುವವನಿದ್ದಾನೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಗದಗಿನಲ್ಲಿ 38 ವರ್ಷ ಛಾಪಖಾನೆ ನಡೆಸಿದವನು. ಅಚ್ಚಿನ ಮೊಳೆ (ಸೀಸದ ಅಕ್ಷರ) ಜೋಡಿಸುವ ಕಾಲದಿಂದ ಶುರು ಮಾಡಿ ಆಫ್‌ಸೆಟ್ ಬಂದ ಮೇಲೂ ನಡೆಸಿದೆ, ಈಗ ಅಳಿಯ ನೋಡಿಕೊಳ್ಳುತ್ತಿದ್ದಾನೆ. ನಿಮ್ಮ ಪತ್ರಿಕೆಯನ್ನು ದಿನಾ ಓದುತ್ತೇನೆ, ಆದರೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ನಮ್ಮ ಊರುಗಳಲ್ಲಿ ಕೇಳುವವರಿಲ್ಲದೆ ಬಿದ್ದಿರುವ ಹಳೇ ಕಲ್ಲುಗಳ ಮಾತು ಇದು, ಆದರೆ ಚೆನ್ನೈಯ ಒಂದು ಚರ್ಚಿನಿಂದ ಶುರು ಮಾಡಬೇಕು, ಸ್ವಲ್ಪ ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಓದಿ.

ಜನವರಿಯಲ್ಲಿ ಚೆನ್ನೈಗೆ ಮಗನ ಮನೆಗೆ ಹೋಗಿದ್ದೆ. ಶನಿವಾರ ಹೈಕೋರ್ಟಿನ ಎದುರು ಪ್ಯಾರೀಸ್ ಕಾರ್ನರ್ ಹತ್ತಿರ ಅಡ್ಡಾಡಲು ಕರೆದುಕೊಂಡು ಹೋದ. ಕಾಗದ, ಇಂಕು, ಲಗ್ನಪತ್ರಿಕೆಯ ಅಂಗಡಿ ಕಂಡರೆ ನಾನು ಮುಂದೆ ಹೋಗುವುದೇ ಇಲ್ಲ, ಒಳಗೆ ಹೋಗಿ ಕಾಗದ ಮುಟ್ಟಿ ನೋಡಬೇಕು. ಹಾಗೆ ಓಣಿ ಓಣಿ ತಿರುಗುವಾಗ ಒಂದು ಬೋರ್ಡು ಕಂಡಿತು, ಅರ್ಮೇನಿಯನ್ ಸ್ಟ್ರೀಟ್ ಅಂತ. ಇರಾನಿನ ಪಕ್ಕದ ಅರ್ಮೇನಿಯಾ ದೇಶ ಎಲ್ಲಿ, ಚೆನ್ನೈ ಎಲ್ಲಿ ಅಂತ ಮಗನನ್ನು ಕೇಳಿದೆ. ತಮಿಳಿನಲ್ಲಿ ಇದಕ್ಕೆ ಅರಣ್ಮನೈಕ್ಕಾರನ್ ಬೀದಿ ಅಂತಾರೆ ಅಂದ. ಅಂದರೆ ಅರಮನೆಕಾರನ ಬೀದಿ. ಅರ್ಮೇನಿಯನ್ ಅನ್ನುವ ಹೆಸರು ಜನರ ಬಾಯಲ್ಲಿ ತಿರುಗಿ ತಿರುಗಿ ಅರಮನೆಕಾರ ಆಗಿಬಿಟ್ಟಿದೆ. ನನಗೆ ಇದು ಬಹಳ ಇಷ್ಟ ಆಯಿತು. ಆ ಬೀದಿಯಲ್ಲಿ ಅರ್ಮೇನಿಯನ್ನರ ಹಳೇ ಚರ್ಚು ಇದೆ ಅಂತಲೂ ಹೇಳಿದ, ಅದನ್ನು ನೋಡಬೇಕು ಅಂದೆ. "ಅಪ್ಪಾ, ಇವತ್ತು ಈ ಗಾಡಿ ಗದ್ದಲದಾಗ ನಿಲ್ಲಾಕೂ ಆಗೂದಿಲ್ಲ, ನಾಳೆ ಭಾನುವಾರ ಬರೋಣು" ಅಂದ. ಅವನು ಹಾಗೆ ಅಂದದ್ದು ಒಳ್ಳೆಯದೇ ಆಯಿತು.

ಭಾನುವಾರ ಆ ಬೀದಿ ಬೇರೆಯೇ ಊರಿನ ಹಾಗೆ ಇತ್ತು. ಶಟರ್ ಎಲ್ಲ ಮುಚ್ಚಿದ್ದವು. ಬೀದಿಯಿಂದ ನೋಡಿದರೆ ಚರ್ಚು ಇದೆ ಅಂತ ಗೊತ್ತೇ ಆಗುವುದಿಲ್ಲ, ಬಿಳಿ ಗೋಡೆ ಮತ್ತು ದೊಡ್ಡ ಕಟ್ಟಿಗೆ ಬಾಗಿಲು ಅಷ್ಟೇ. ಒಳಗೆ ಕಾಲಿಟ್ಟರೆ ಅಂಗಳ, ಗಿಡ, ನೆರಳು. ನೆಲದ ಚಪ್ಪಡಿಗಳ ಮೇಲೆ ಅಕ್ಷರ ಕೆತ್ತಿದ್ದಾರೆ. ಎರಡು ಹೆಜ್ಜೆ ನಡೆದ ಮೇಲೆ ತಿಳಿಯಿತು, ನಾನು ನಿಂತಿದ್ದು ಗೋರಿಯ ಕಲ್ಲಿನ ಮೇಲೆ. ತಕ್ಷಣ ಪಕ್ಕಕ್ಕೆ ಸರಿದು ಚಪ್ಪಲಿ ಬಿಟ್ಟೆ. ಸುಮಾರು 350 ಜನರನ್ನು ಆ ಆವರಣದಲ್ಲಿ ಹುಗಿದಿದ್ದಾರೆ.

ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಅಕ್ಷರಗಳ ಮೇಲೆ ಬೆರಳಾಡಿಸಿದೆ. ಅರ್ಮೇನಿಯನ್ ನನಗೆ ಒಂದಕ್ಷರ ಬರುವುದಿಲ್ಲ. ಆದರೆ ಮೊಳೆ ಜೋಡಿಸಿದ ಕೈಗೆ ಭಾಷೆ ಬರದಿದ್ದರೂ ಅಕ್ಷರದ ಮೈಕಟ್ಟು ತಿಳಿಯುತ್ತದೆ. ಒಂದು ಅಕ್ಷರ ಥೇಟ್ ನಮ್ಮ 'ಗ'ದ ಹಾಗೆ ಕಮಾನಾಗಿದೆ, ತಲೆಕಟ್ಟು ಒಂದಿಲ್ಲ. ಇನ್ನೊಂದಕ್ಕೆ ಅದೇ ಕಮಾನಿಗೆ ಬಾಲ ಹಚ್ಚಿದ್ದಾರೆ. ನೆಟ್ಟಗೆ ನಿಂತ ಕಾಲು, ದುಂಡಗಿನ ಹೆಗಲು, ಎರಡು ಅಕ್ಷರದ ನಡುವೆ ಸರಿಯಾಗಿ ಬಿಟ್ಟ ಜಾಗ. ಈ ಕಲ್ಲು ಕೆತ್ತಿದವನು ಯಾರೇ ಇರಲಿ, ಕೆಲಸ ಗೊತ್ತಿದ್ದವನು. ಆ ಲಿಪಿಯನ್ನು ಮೆಸ್ರೋಪ್ ಮಷ್ಟೋಟ್ಸ್ ಎಂಬ ಸನ್ಯಾಸಿ ಕ್ರಿ.ಶ. 405ರ ಸುಮಾರಿಗೆ ಮಾಡಿದ್ದು, 36 ಅಕ್ಷರ. ನಮ್ಮ ಹಲ್ಮಿಡಿ ಶಾಸನವೂ ಹೆಚ್ಚುಕಡಿಮೆ ಅದೇ ಶತಮಾನದ್ದು, ಅಲ್ವಾ?

ಅಷ್ಟರಲ್ಲಿ ಗಂಟೆ ಶುರುವಾಯಿತು.

ಗಂಟೆಗೋಪುರ ಚರ್ಚಿನಿಂದ ಬೇರೆಯಾಗಿ ನಿಂತಿದೆ. ಅದರಲ್ಲಿ ಆರು ಗಂಟೆಗಳು, ಒಂದೊಂದೂ ಸುಮಾರು 150 ಕಿಲೋ ತೂಕದವು. ಎರಡರ ಮೇಲೆ ಲಂಡನ್ನಿನ ಥಾಮಸ್ ಮಿಯರ್ಸ್ ಎಂಬ ಎರಕದವರ ಹೆಸರಿದೆ, ಒಂದರ ಮೇಲೆ ತಮಿಳು ಅಕ್ಷರಗಳೂ ಇವೆಯಂತೆ. ಪ್ರತಿ ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಬಾರಿಸುತ್ತಾರೆ. ಸದ್ದು ಎದೆಗೆ ಬಂದು ಬಡಿಯಿತು. ಪೂಜೆಗೆ ಜನ ಬರುತ್ತಾರೆ ಅಂತ ಬಾಗಿಲು ನೋಡುತ್ತ ನಿಂತೆ. ಯಾರೂ ಬರಲಿಲ್ಲ. ನಾನು, ಮಗ, ಸೊಸೆ, ಮತ್ತೆ ಕ್ಯಾಮೆರಾ ಹಿಡಿದ ಒಬ್ಬ ಕಾಲೇಜು ಹುಡುಗಿ, ಇಷ್ಟೇ ಜನ. ಗಂಟೆ ನಿಂತ ಮೇಲೆ ಒಬ್ಬರು ಇಳಿದು ಬಂದರು. ನನಗಿಂತ ಹತ್ತು-ಹದಿನೈದು ವರ್ಷ ಚಿಕ್ಕವರಿರಬಹುದು, ಅಂಗಿಯ ಬೆನ್ನು ಬೆವರಿನಿಂದ ತೊಯ್ದಿತ್ತು. ಗೋಡೆಗೆ ಒರಗಿಸಿಟ್ಟಿದ್ದ ಕಸಬರಿಗೆ ತೆಗೆದುಕೊಂಡು ಸುಮ್ನೆ ಅಂಗಳ ಗುಡಿಸತೊಡಗಿದರು. ಸೊಂಟದಲ್ಲಿ ಕೀಲಿ ಗೊಂಚಲು.

ಸೊಸೆಗೆ ತಮಿಳು ಬರುತ್ತದೆ. ಅವಳ ಮೂಲಕ ಕೇಳಿದೆ, ಪಾದ್ರಿಗಳು ಎಲ್ಲಿ ಅಂತ. ಇಲ್ಲಿ ಈಗ ಪಾದ್ರಿ ಇಲ್ಲ, ವಾರದ ಪೂಜೆಯೂ ಇಲ್ಲ, ಇಲ್ಲಿಯ ಹಳೇ ಅರ್ಮೇನಿಯನ್ ಮನೆತನಗಳೇ ಉಳಿದಿಲ್ಲ ಅಂದರು. ಮತ್ತೆ ಗಂಟೆ ಯಾರಿಗೆ? ಅವರು ನೆಲ ತೋರಿಸಿದರು.

ನನಗೆ ಮಾತೇ ಹೊರಡಲಿಲ್ಲ. ಸೊಸೆಯ ಕಣ್ಣಲ್ಲೂ ನೀರು ಬಂತು. ಅವರು ಮಾತ್ರ ಗುಡಿಸುತ್ತಲೇ ಇದ್ದರು.

ಮನೆಗೆ ಬಂದು ಮಗನನ್ನು ಕೂಡಿಸಿಕೊಂಡು ಅರ್ಮೇನಿಯನ್ನರ ಬಗ್ಗೆ ಸಿಕ್ಕಷ್ಟು ಓದಿದೆ. ಇವರು ವ್ಯಾಪಾರಿಗಳು. ಪರ್ಷಿಯಾದ ಷಾ ಅಬ್ಬಾಸ್ 1600ರ ಮೊದಲ ವರ್ಷಗಳಲ್ಲಿ ಜುಲ್ಫಾ ಎಂಬ ಊರಿನ ಅರ್ಮೇನಿಯನ್ನರನ್ನು ಎಬ್ಬಿಸಿ ಇಸ್ಫಹಾನ್ ಹತ್ತಿರ ಹೊಸ ಜುಲ್ಫಾದಲ್ಲಿ ನೆಲೆಗೊಳಿಸಿದ. ಅಲ್ಲಿಂದ ರೇಷ್ಮೆ, ರತ್ನ, ಮಸಾಲೆ ವ್ಯಾಪಾರ ಮಾಡುತ್ತ ಸೂರತ್, ಆಗ್ರಾ, ಕಲ್ಕತ್ತಾ, ಮದ್ರಾಸಿಗೆ ಬಂದರು. 1688ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಇವರ ಜೊತೆ ಒಂದು ಕರಾರು ಮಾಡಿಕೊಂಡಿತು. ಕಂಪನಿಯ ಯಾವುದೇ ಊರಲ್ಲಿ 40 ಅರ್ಮೇನಿಯನ್ನರು ನೆಲೆಸಿದರೆ ಚರ್ಚಿಗೆ ಜಾಗ ಕೊಡುತ್ತೇವೆ, ಕಟ್ಟಿಸಿಕೊಡುತ್ತೇವೆ, ಪಾದ್ರಿಗೆ ಏಳು ವರ್ಷದವರೆಗೆ ವರ್ಷಕ್ಕೆ 50 ಪೌಂಡ್ ಕೊಡುತ್ತೇವೆ ಅಂತ. ಮದ್ರಾಸಿನಲ್ಲಿ 1712ರಲ್ಲಿ ಚರ್ಚು ಆಯಿತು, ಈಗಿರುವುದು 1772ರಲ್ಲಿ ಮತ್ತೆ ಕಟ್ಟಿದ್ದು. ಅಂದರೆ ಒಂದು ಕಾಲಕ್ಕೆ 40 ಜನ ಇದ್ದರೆ ಚರ್ಚು ಅನ್ನುವ ಲೆಕ್ಕ ಇತ್ತು. ಈಗ ನಾಲ್ಕು ಜನ ಇಲ್ಲ, ಚರ್ಚು ಇದೆ, ಗಂಟೆ ಇದೆ, ಸುಣ್ಣ ಬಳಿದ ಗೋಡೆ ಇದೆ. ಕಲ್ಕತ್ತಾದಲ್ಲಿ ಇವರದು ಸಣ್ಣ ಸಮುದಾಯ ಉಳಿದುಕೊಂಡಿದೆ, ಅಲ್ಲಿಯ ಕಮಿಟಿಯೇ ಈ ಚರ್ಚನ್ನೂ ನೋಡಿಕೊಳ್ಳುತ್ತದೆ.

ನಿಮಗೆ ಬರೆಯಲು ಇನ್ನೊಂದು ಕಾರಣ ಇದೆ. ಆ ಅಂಗಳದಲ್ಲಿ ಹುಗಿದವರಲ್ಲಿ ಒಬ್ಬರು ಹಾರುತ್ಯುನ್ ಷ್ಮಾವೊನ್ಯಾನ್ ಅಂತ ಪಾದ್ರಿ. ಶಿರಾಜ್ ಊರಿನವರು. ಒಂದೇ ವಾರದಲ್ಲಿ ಎರಡು ಗಂಡು ಮಕ್ಕಳನ್ನು ಕಳೆದುಕೊಂಡರು. ದುಃಖ ತಡೆಯಲಾಗದೆ ಏಳು ವರ್ಷ ಜನರಿಂದ ದೂರ ಹೋಗಿ ಪರ್ಷಿಯನ್ ಕಲಿಯುತ್ತ ಕುಳಿತರು. ಆಮೇಲೆ ಮದ್ರಾಸಿಗೆ ಬಂದು ಛಾಪಖಾನೆ ಹಾಕಿದರು. 1794ರ ಅಕ್ಟೋಬರಿನಲ್ಲಿ 'ಅಜ್ದರಾರ್' ಅಂತ ಪತ್ರಿಕೆ ಹೊರಡಿಸಿದರು. ಸುದ್ದಿ ತಿಳಿಸುವವ ಅಂತ ಅದರ ಅರ್ಥ. ಇಡೀ ಜಗತ್ತಿನಲ್ಲಿ ಅರ್ಮೇನಿಯನ್ ಭಾಷೆಯ ಮೊದಲ ಪತ್ರಿಕೆ ಅದು! ಅರ್ಮೇನಿಯಾದಲ್ಲಿ ಅಲ್ಲ, ನಮ್ಮ ಮದ್ರಾಸಿನಲ್ಲಿ. 1796ರವರೆಗೆ 18 ಸಂಚಿಕೆ ಬಂದು ನಿಂತುಹೋಯಿತು. 1824ರಲ್ಲಿ ಅವರು ತೀರಿಕೊಂಡರು. ನಮ್ಮ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಬಂದದ್ದು 1843ರಲ್ಲಿ, ಮೊಗ್ಲಿಂಗ್ ಅವರಿಂದ, ಅದೂ ಕಲ್ಲಚ್ಚಿನಲ್ಲಿ. ಮಕ್ಕಳನ್ನು ಮಣ್ಣಿಗಿಟ್ಟ ತಂದೆ ಸಮುದ್ರ ದಾಟಿ ಬಂದು ಒಂದೊಂದೇ ಮೊಳೆ ಎತ್ತಿ ತನ್ನ ಭಾಷೆಯ ಸುದ್ದಿ ಜೋಡಿಸಿದ. ಮೊಳೆ ಜೋಡಿಸುವಾಗ ಅಕ್ಷರ ಉಲ್ಟಾ ಇರುತ್ತವೆ, ಕಣ್ಣು ಅದಕ್ಕೇ ಒಗ್ಗಿರಬೇಕು, ಮನಸ್ಸು ಬೇರೆ ಕಡೆ ಹೋದರೆ ಸಾಲು ಕೆಡುತ್ತದೆ. ಆ ಕೆಲಸವೇ ಅವರನ್ನು ಬದುಕಿಸಿರಬೇಕು ಅಂತ ನನಗೆ ಅನಿಸುತ್ತದೆ. ಪತ್ರಿಕೆ ನಡೆಸುವ ನಿಮಗೆ ಇದು ತಿಳಿದಿರಲಿ ಅಂತ ಬರೆದೆ.

ಈಗ ನಮ್ಮ ಕಡೆಯ ಮಾತಿಗೆ ಬರುತ್ತೇನೆ.

ಅದೇ ಮದ್ರಾಸಿನಲ್ಲಿ ಪೆಟ್ರಸ್ ಉಸ್ಕಾನ್ ಅಂತ ಇನ್ನೊಬ್ಬ ಅರ್ಮೇನಿಯನ್ ವ್ಯಾಪಾರಿ ಇದ್ದರು. 1726ರಲ್ಲಿ ಅಡ್ಯಾರ್ ಹೊಳೆಗೆ ತಮ್ಮ ದುಡ್ಡಿನಲ್ಲಿ ಸೇತುವೆ ಕಟ್ಟಿಸಿದರು, ಸೇಂಟ್ ಥಾಮಸ್ ಮೌಂಟ್ ಗುಡ್ಡಕ್ಕೆ ಮೆಟ್ಟಿಲು ಮಾಡಿಸಿದರು. ಕಟ್ಟಿಸಿ ಬಿಟ್ಟುಬಿಡಲಿಲ್ಲ. ಸೇತುವೆಯ ರಿಪೇರಿಗೆ ಅಂತಲೇ ಬೇರೆ ಹಣ ತೆಗೆದಿಟ್ಟರು. ಇದನ್ನು ಓದಿದಾಗ ನನಗೆ ನಮ್ಮ ತಾಯಿಯ ತವರೂರಿನ ಒಂದು ಕಲ್ಲು ನೆನಪಾಯಿತು. ಆ ನೆನಪು ಇವತ್ತಿಗೂ ಚುಚ್ಚುತ್ತದೆ.

ಲಕ್ಕುಂಡಿ ಕಡೆಯ ಸಣ್ಣ ಹಳ್ಳಿ ಅದು. ಬಾವಿಯ ಹತ್ತಿರ ಎದೆಯೆತ್ತರದ ಕಲ್ಲು ಅರ್ಧ ಓರೆಯಾಗಿ ಮಲಗಿತ್ತು. ಮೇಲ್ಗಡೆ ಸೂರ್ಯ, ಚಂದ್ರ, ನಡುವೆ ಲಿಂಗ, ಒಂದು ಬದಿಗೆ ಆಕಳು-ಕರು. ಕೆಳಗೆಲ್ಲ ಅಕ್ಷರ. ಅದರ ಮೇಲೆ ಇಡೀ ಓಣಿ ಅರಿವೆ ಒಗೆಯುತ್ತಿತ್ತು. ನಮ್ಮವ್ವನೂ ಒಗೆಯುತ್ತಿದ್ದಳು. ಸೂಟಿಗೆ ಹೋದಾಗ ನಾನೂ ಅದರ ಮೇಲೆ ಚಡ್ಡಿ ಬಡಿದಿದ್ದೇನೆ. ಸಬಕಾರದ ನೊರೆ ಅಕ್ಷರದ ಗೆರೆಯಲ್ಲಿ ಇಳಿದು ಬೆಳ್ಳಗೆ ನಿಲ್ಲುತ್ತಿತ್ತು, ಆಗ ಮಾತ್ರ ಅಕ್ಷರ ಚೆಂದ ಕಾಣುತ್ತಿದ್ದವು. ಅದು ಏನು ಅಂತ ನಮಗೆ ಯಾರೂ ಹೇಳಿರಲಿಲ್ಲ. ಅವ್ವನ ತಪ್ಪು ಇಲ್ಲ, ಊರವರ ತಪ್ಪೂ ಇಲ್ಲ.

ಎಷ್ಟೋ ವರ್ಷದ ಮೇಲೆ ಧಾರವಾಡದ ಮೇಷ್ಟ್ರೊಬ್ಬರು ಶಾಸನಗಳ ಮೇಲೆ ಒಂದು ಸಣ್ಣ ಪುಸ್ತಕ ಛಾಪಿಸಲು ನನ್ನ ಹತ್ತಿರ ಬಂದರು. ಮೊಳೆ ಜೋಡಿಸುವಾಗ ಒಂದೇ ಮಾತು ಮತ್ತೆ ಮತ್ತೆ ಬರುತ್ತಿತ್ತು, "ಖಂಡಸ್ಫುಟಿತ ಜೀರ್ಣೋದ್ಧಾರ". ಒತ್ತಕ್ಷರ ಜಾಸ್ತಿ, ಜೋಡಿಸಿ ಸಾಕಾಗಿ ಅರ್ಥ ಕೇಳಿದೆ. ಒಡೆದದ್ದು, ಬಿರುಕು ಬಿಟ್ಟದ್ದು, ಹಳೆಯದಾದದ್ದು ರಿಪೇರಿ ಮಾಡುವುದು ಅಂದರು. ಗುಡಿ ಕಟ್ಟಿಸಿದವರು ಅದರ ರಿಪೇರಿಗೆ, ದೀಪದ ಎಣ್ಣೆಗೆ, ಪೂಜಾರಿಗೆ, ಗುಡಿಯಲ್ಲಿ ಕೆಲಸ ಮಾಡುವವರಿಗೆ ಇಂತಿಷ್ಟು ಮತ್ತರು (ಆಗಿನ ಕಾಲದ ಹೊಲದ ಅಳತೆ) ಹೊಲ ಅಂತ ಕಲ್ಲಲ್ಲಿ ಬರೆಸಿಡುತ್ತಿದ್ದರಂತೆ. ಕೊನೆಗೆ ಶಾಪ. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನ ಹುಳು ಆಗಿ ಹುಟ್ಟುತ್ತಾನೆ ಅಂತ. ಶಾಪಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು ಶ್ಲೋಕ, ಅದೂ ಎಷ್ಟೋ ಶಾಸನಗಳಲ್ಲಿ ಇದೆ. ದಾನ ಕೊಡುವುದು, ಕೊಟ್ಟದ್ದನ್ನು ಕಾಯುವುದು, ಇವೆರಡರಲ್ಲಿ ಕಾಯುವುದೇ ಹೆಚ್ಚಿನದು ಅಂತ.

ಮುಂದಿನ ಭಾನುವಾರವೇ ಆ ಹಳ್ಳಿಗೆ ಓಡಿದೆ. ಕಲ್ಲು ತೊಳೆದು, ಸುಣ್ಣದ ಪುಡಿ ಉಜ್ಜಿ, ಸಂಜೆಯ ಓರೆ ಬಿಸಿಲಲ್ಲಿ ನೋಡಿದೆ. ಅರಿವೆ ಬಡಿದ ಜಾಗ ಸವೆದು ನುಣ್ಣಗಾಗಿತ್ತು. ಬದಿಯಲ್ಲಿ ಎರಡು ಮಾತು ಓದಲು ಸಿಕ್ಕವು: "ನಂದಾದೀವಿಗೆ", "ಮತ್ತರು". ಅಂದರೆ ಆರದ ಹಾಗೆ ಉರಿಯುವ ದೀಪಕ್ಕೆ ಯಾರೋ ಹೊಲ ಕೊಟ್ಟಿದ್ದರು! ಮೇಷ್ಟ್ರನ್ನು ಕರೆದುಕೊಂಡು ಬರುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಅಂತ ಊರಿನ ಹಿರಿಯರಿಗೆ ಹೇಳಿ ಬಂದೆ. ಛಾಪಖಾನೆಯಲ್ಲಿ ಲಗ್ನದ ಸೀಜನ್, ಹೋಗುವುದು ತಡವಾಯಿತು. ನಾವು ಹೋಗುವಷ್ಟರಲ್ಲಿ ಬಾವಿಯ ಹತ್ತಿರ ಗಟಾರು ಕಟ್ಟಿದ್ದರು. ಕಲ್ಲು ಇರಲಿಲ್ಲ. ಗುತ್ತಿಗೆಯವರು ಅದನ್ನು ಬೋರಲು ಹಾಕಿ ಗಟಾರದ ಮೇಲೆ ಮುಚ್ಚಿದರು ಅಂತ ಕೆಲವರು, ಒಡೆದು ಕಡಿ ಮಾಡಿದರು ಅಂತ ಕೆಲವರು ಹೇಳಿದರು. ಸಂಬಂಧಪಟ್ಟ ಕಚೇರಿಗೆ ಎರಡು ಸಲ ಹೋದೆ. ಅರ್ಜಿ ಕೊಡಿ ಅಂದರು, ಕೊಟ್ಟೆ. ಅದಾಗಿ ಇಪ್ಪತ್ತು ವರ್ಷದ ಮೇಲಾಯಿತು. ಮೇಷ್ಟ್ರೂ ಈಗ ಇಲ್ಲ.

ಆ ಕಲ್ಲಿನ ಹತ್ತಿರ ಒಬ್ಬ ಮನುಷ್ಯ ಇದ್ದಿದ್ದರೆ ಸಾಕಿತ್ತು. ದೊಡ್ಡ ಕಟ್ಟಡ ಬೇಡ, ಮ್ಯೂಸಿಯಂ ಬೇಡ. ಇದು ನಂದು, ಇದನ್ನು ಮುಟ್ಟಬೇಡಿ ಅನ್ನುವ ಒಬ್ಬ ಮನುಷ್ಯ.

ಲಕ್ಕುಂಡಿಗೆ ಹೋಗಿ ನೋಡಿ. ಕಾವಲುಗಾರರಿರುವ ಗುಡಿಗಳು ಎಷ್ಟು ಚೆಂದ ಇವೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇವತ್ತಿಗೂ ನಿಂತಿದೆ. (ಅದೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಸಿ ಹಂಚಿದವಳು. ಛಾಪಖಾನೆಯವನಾಗಿ ಹೇಳುತ್ತೇನೆ, ಮಷಿನ್ ಇದ್ದೂ 1000 ಪ್ರತಿ ತೆಗೆಯುವುದು ಸುಲಭ ಅಲ್ಲ, ಆಕೆ ಕೈಯಿಂದ ಬರೆಸಿದಳು. ಮುದ್ರಣ ಕಾಶಿ ಅನಿಸಿಕೊಂಡ ಗದಗಿನ ಪ್ರತಿ ಛಾಪಖಾನೆಯಲ್ಲೂ ಆಕೆಯ ಪಟ ಇರಬೇಕು.) ಆದರೆ ಕಂಪೌಂಡಿನ ಆಚೆ ಇರುವ ಕಲ್ಲುಗಳ ಗತಿ? ಹಿತ್ತಲಲ್ಲಿ, ದನದ ಕೊಟ್ಟಿಗೆಯಲ್ಲಿ, ಹೊಲದ ಬದುವಿನಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ ಎಷ್ಟು ಬಿದ್ದಿವೆ. ನಮ್ಮ ಬೆಟಗೇರಿಯ ವೀರಗಲ್ಲುಗಳ ಹೆಸರು ದೂರದ ವಿದ್ವಾಂಸರಿಗೆ ಗೊತ್ತು, ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿಲ್ಲ. ನಮ್ಮ ಓಣಿಯ ಹಿಂದೆ ಒಂದು ಒಂಟಿ ವೀರಗಲ್ಲು ಇದೆ. ಕೆಳಗಿನ ಸಾಲಿನಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಯಾವನೋ ಒಬ್ಬ ಊರಿನ ದನ ಬಿಡಿಸಲು ಹೋಗಿ ಸತ್ತಿರಬೇಕು, ಆಕಳುಗಳನ್ನೂ ಕೆತ್ತಿದ್ದಾರೆ. ಹೋದ ತಿಂಗಳು ಮೊಮ್ಮಗಳಿಗೆ ತೋರಿಸಲು ಹೋದರೆ ಪ್ಲಾಸ್ಟಿಕ್ ಚೀಲ, ಒಡೆದ ಬಾಟಲಿ, ಅಪ್ಸರೆಯರ ಮೇಲೆ ಎಲೆಅಡಿಕೆ ಉಗುಳಿದ ಕಲೆ. "ಅಜ್ಜಾ, ಇದು ಯಾರ್ದು?" ಅಂತ ಕೇಳಿತು ಕೂಸು. ನಮ್ದು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ದುಡ್ಡು ಎಲ್ಲಿಂದ ಅಂತ ಕೇಳುವವರಿದ್ದಾರೆ. ಒಬ್ಬ ಮನುಷ್ಯನಿಗೆ ದಿನಕ್ಕೆ ಎರಡು ತಾಸಿನ ಕೂಲಿ, ಒಂದು ಕಸಬರಿಗೆ, ಒಂದು ಬೋರ್ಡು. ಜಾತ್ರೆಗೆ, ಕಮಾನಿಗೆ, ಕಟೌಟಿಗೆ ನಾವು ಖರ್ಚು ಮಾಡುವುದರ ಮುಂದೆ ಇದು ಎಷ್ಟರದು? ಇಲಾಖೆ ಇದೆಯಲ್ಲ ಅನ್ನುವವರೂ ಇದ್ದಾರೆ. ಇಲಾಖೆ ತನ್ನ ಪಟ್ಟಿಯಲ್ಲಿ ಇರುವುದನ್ನು ನೋಡಿಕೊಳ್ಳುತ್ತದೆ, ಪಟ್ಟಿಯಲ್ಲಿ ಇಲ್ಲದ ಕಲ್ಲಿಗೆ ಊರೇ ಇಲಾಖೆ. ಪಂಚಾಯ್ತಿಗಳು, ನಗರಸಭೆ, ಮಠಗಳು, ವ್ಯಾಪಾರಿ ಸಂಘಗಳು ಯಾರಾದರೂ ಸರಿ, ತಮ್ಮ ಹದ್ದಿನ ಒಂದೊಂದು ಕಲ್ಲಿಗೆ ಒಬ್ಬೊಬ್ಬರನ್ನು ಇಡಲಿ. ಆ ಕಲ್ಲಿನ ಹೊಣೆ ಇಂಥವರದು ಅಂತ ಊರಿಗೆಲ್ಲ ಗೊತ್ತಾಗಲಿ. ಗಟಾರು, ರಸ್ತೆ ಮಾಡುವಾಗ ಮೊದಲು ಅವರನ್ನು ಕೇಳುವ ಹಾಗೆ ಆಗಲಿ.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ವಾರಕ್ಕೊಂದು ದಿನ, ನಮ್ಮ ಗದಗ-ಹಾವೇರಿ-ಧಾರವಾಡ ಪುಟದಲ್ಲಿ, ಒಂದು ಕಲ್ಲಿನ ಫೋಟೋ ಹಾಕಿ. ಯಾವ ಊರು, ಯಾವ ಓಣಿ, ಈಗ ಹೇಗಿದೆ, ಅಷ್ಟು ಸಾಕು. ಓದುಗರೇ ಕಳಿಸುತ್ತಾರೆ. ಓದಿ ಹೇಳುವವರು ಧಾರವಾಡದಲ್ಲಿ ಇದ್ದಾರೆ. ಪೇಪರಿನಲ್ಲಿ ಬಂದ ಕಲ್ಲನ್ನು ಗಟಾರಕ್ಕೆ ಹಾಕಲು ಯಾರಿಗೂ ಅಷ್ಟು ಸುಲಭಕ್ಕೆ ಧೈರ್ಯ ಬರುವುದಿಲ್ಲ. ಹಾಗೆ ಬಂದ ಪ್ರತಿ ಕಲ್ಲಿಗೂ ಒಂದು ಬೋರ್ಡು ನಾನು ನನ್ನ ಖರ್ಚಿನಲ್ಲಿ ಛಾಪಿಸಿಕೊಡುತ್ತೇನೆ, ಅಳಿಯನೂ ಒಪ್ಪಿದ್ದಾನೆ. ಅಕ್ಷರ ದೊಡ್ಡದಾಗಿ, ತಪ್ಪಿಲ್ಲದೆ ಇರುತ್ತದೆ, ಅದರ ಜವಾಬ್ದಾರಿ ನಂದು.

ನಮ್ಮ ಓಣಿಯ ವೀರಗಲ್ಲನ್ನು ಹೋದ ಎರಡು ಭಾನುವಾರ ಮೊಮ್ಮಗಳು, ನಾನು ಸೇರಿ ತೊಳೆದೆವು. ಕಲೆ ಇನ್ನೂ ಪೂರ್ತಿ ಹೋಗಿಲ್ಲ. ಸಬಕಾರ ಹಚ್ಚಿಲ್ಲ, ಬರೀ ನೀರು ಮತ್ತು ಮೆತ್ತನ್ನ ಬ್ರಷ್ಷು. ಎರಡನೇ ವಾರ ಎದುರು ಮನೆಯ ಹುಡುಗರು ಇಬ್ಬರು ಕೊಡ ಹೊತ್ತು ತಂದರು. ಪ್ರತಿ ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ನಾನು ಅಲ್ಲಿ ಇರುತ್ತೇನೆ. ಬರುವವರು ಕಸಬರಿಗೆ ತರುವುದು ಬೇಡ, ನನ್ನ ಹತ್ತಿರ ನಾಲ್ಕು ಇವೆ.

ನಿಮ್ಮ ಓದುಗ,
ಗದಗ-ಬೆಟಗೇರಿ